ಆಚೆ ದಡ ಇಲ್ಲದ್ದು

ಮಕ್ಕಳೇ, 'ತುಂಬಾ' ಅನ್ನುವ ಒಂದೇ ಪದದಲ್ಲಿ ನೀವು ಎಲ್ಲವನ್ನೂ ಹೇಳಿ ಮುಗಿಸುತ್ತೀರಿ. ತುಂಬಾ ಹೋಮ್‌ವರ್ಕ್, ತುಂಬಾ ಚಳಿ, ಅಜ್ಜಿ ಅಂದರೆ ತುಂಬಾ ಪ್ರೀತಿ. ಈ ಸಲ ಇನ್ನೊಂದು ಪದ ಕೊಡುತ್ತೇನೆ: ಅಪಾರ.

'ಪಾರ' ಎಂದರೆ ಹೊಳೆಯ ಆಚೆ ದಡ. ಅಪಾಯದಿಂದ ಪಾರಾದೆವು ಅನ್ನುವುದು ಆ ದಡ ಮುಟ್ಟಿದವರ ಮಾತು. ಆಚೆ ದಡವೇ ಇಲ್ಲದ್ದು ಅಪಾರ.

ಈ ಪದ ಅರ್ಥವಾಗಲು ಒಂದು ಕೆರೆಯ ಕಡೆ ಹೋಗೋಣ. ಗದಗ ಜಿಲ್ಲೆಯ ಶಿರಹಟ್ಟಿ ಸೀಮೆಯಲ್ಲಿ ಮಾಗಡಿ ಎಂಬ ಊರಿದೆ. ಬೆಂಗಳೂರಿನ ಹತ್ತಿರದ ಕೆಂಪೇಗೌಡರ ಮಾಗಡಿ ಅಲ್ಲ, ಇದು ಬೇರೆ. ಹೊಲಗಳಿಗೆ ಮಳೆನೀರು ಹಿಡಿದಿಡಲು ಜನರೇ ಕಟ್ಟಿದ ಕೆರೆ ಅಲ್ಲಿದೆ. ಸುಮಾರು 50 ಹೆಕ್ಟೇರ್, ಅಷ್ಟೇ. ಆಚೆ ದಡ ಚೆನ್ನಾಗಿಯೇ ಕಾಣುತ್ತದೆ. ಆದರೆ ಚಳಿಗಾಲದಲ್ಲಿ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಹಗಲು ನೀರಿನಲ್ಲಿ ವಿಶ್ರಾಂತಿ, ಕತ್ತಲಾದರೆ ಹೊಲಗಳಿಗೆ ಮೇವಿಗೆ. ಅವು ಒಟ್ಟಿಗೆ ಎದ್ದಾಗ ಕೂಗಿನಲ್ಲಿ ಪಕ್ಕದವರ ಮಾತು ಕೇಳಿಸದು. ನಮ್ಮಜ್ಜಿ, "ರಗಡ ಬಂದಾವ ನೋಡು ಈ ಸಲ" ಅನ್ನುತ್ತಿದ್ದರು. ರಗಡ ನಮ್ಮ ಕಡೆಯ ಮಾತು, ಬೇಕಾದಷ್ಟು ಎಂದರ್ಥ. ಶೇಂಗಾ ರಗಡ, ಮಂದಿ ರಗಡ, ಕೆಲಸ ರಗಡ. ಅದನ್ನೂ ಕಲಿಯಿರಿ, ಬಾಯಿಗೆ ಬಹಳ ರುಚಿ.

ಬಲ್ಲವರು ಈ ಬಾತುಗಳನ್ನು ಎಣಿಸಿದ್ದಾರೆ, ಸುಮಾರು 8,000. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಎಣಿಸಿದ ಮೇಲೆ ಅಪಾರ ಹೇಗಾಯಿತು ಎಂದು ನೀವು ಕೇಳಬಹುದು. ಲೆಕ್ಕ ಸಿಕ್ಕಿದ್ದು ಬಾತುಗಳದ್ದು. ಅಷ್ಟೆತ್ತರದ ಬೆಟ್ಟ ದಾಟಿ ಬರುವ ಆ ಛಲಕ್ಕೆ ಲೆಕ್ಕ ಎಲ್ಲಿದೆ? ಅಪಾರ ಎನ್ನಬೇಕಾದದ್ದು ಅದಕ್ಕೆ.

ಅದಕ್ಕೇ ಈ ಪದ ಪ್ರೀತಿ, ತಾಳ್ಮೆ, ಜ್ಞಾನ, ನಷ್ಟ ಇಂಥವುಗಳ ಜೊತೆ ಚೆನ್ನಾಗಿ ಕೂರುತ್ತದೆ. 'ಅಪಾರ ಪೆನ್ಸಿಲ್' ಎಂದರೆ ಕಿವಿಗೆ ಒಗ್ಗದು. ಎಣಿಸುವ ವಸ್ತುಗಳಿಗೆ 'ಅಪಾರ ಸಂಖ್ಯೆಯ' ಎನ್ನಬೇಕು.

ಅಪ್ಪ ಅಮ್ಮಂದಿರೇ, ಇಂಥ ಪದಗಳನ್ನು ನಾವೇ ಮನೆಯಲ್ಲಿ ಆಡದಿದ್ದರೆ ಮಕ್ಕಳು ಇನ್ನೆಲ್ಲಿ ಕೇಳಬೇಕು? ಈ ಪದವನ್ನು ಮಕ್ಕಳ ಕಣ್ಣಿಗೂ ತೋರಿಸಬೇಕೆಂದರೆ, ಡಿಸೆಂಬರ್ ರಜೆಗೆ ಊರಿಗೆ ಹೋದವರು ಬೆಂಗಳೂರಿನ ಮಾಲ್ ಸುತ್ತುವುದನ್ನು ಒಂದು ದಿನ ಬಿಟ್ಟು ಗದಗಿಗೆ ಹೋಗಿ, ಅಲ್ಲಿಂದ ಮಾಗಡಿ ಸುಮಾರು 26 ಕಿ.ಮೀ. ಬಿಸಿಲೇರುವ ಮೊದಲೇ ಕೆರೆ ಸೇರಿಕೊಳ್ಳಿ, ದುರ್ಬೀನು ಮರೆಯಬೇಡಿ. ಮಾರ್ಚ್ ಹೊತ್ತಿಗೆ ಬಾತುಗಳು ಹೊರಟುಬಿಡುತ್ತವೆ.