ಎರಡು ಗಡಿಯಾರಗಳ ಹೈಗೆನ್ಸ್

ಎಚ್.ಡಿ. ಕೋಟೆ ರಸ್ತೆಯ ಹಂಪಾಪುರದಲ್ಲಿ ನಮ್ಮ ಗೆಳೆಯನ ಅಜ್ಜಿ ಮನೆ ಇದೆ. ಹಜಾರದಲ್ಲೊಂದು, ನಡುಮನೆಯಲ್ಲೊಂದು ಲೋಲಕದ ಗಡಿಯಾರ. ಒಂದು ಹತ್ತು ಹೊಡೆದು ಮುಗಿಸೋ ಹೊತ್ತಿಗೆ ಇನ್ನೊಂದು ಶುರು ಮಾಡುತ್ತೆ. ಅಜ್ಜಿಗೆ ಅದೇನೂ ತೊಂದರೆಯಲ್ಲ. ಎರಡು ಕ್ಲಾಕ್ ನಡುವೆ ಸಿಕ್ಕಿ ಲ್ಯಾಬ್ ಮಾರ್ಕ್ಸ್ ಕಳೆದುಕೊಂಡಿದ್ದ ನಮಗೆ ಮಾತ್ರ ಅಲ್ಲಿ ಕ್ರಿಸ್ಟಿಯಾನ್ ಹೈಗೆನ್ಸ್ ನೆನಪಾದ. ಪಿಯುಸಿ ಫಿಸಿಕ್ಸಿನಲ್ಲಿ ವೇವ್‌ಫ್ರಂಟ್ ಬರೆಸಿ ಬರೆಸಿ ಸುಸ್ತು ಮಾಡಿದವನೇ ಈತ.

ಹುಟ್ಟಿದ್ದು 1629ರಲ್ಲಿ, ಹೇಗ್ ನಗರದಲ್ಲಿ. ಅಪ್ಪ ರಾಜತಾಂತ್ರಿಕ, ಕವಿಯೂ ಹೌದು. ಅಣ್ಣನ ಜೊತೆ ಕೂತು ಮಸೂರ ಉಜ್ಜಿ ದೂರದರ್ಶಕ ಕಟ್ಟಿದ ಹೈಗೆನ್ಸ್, 1655ರಲ್ಲಿ ಶನಿಯ ಉಪಗ್ರಹ ಟೈಟನ್ ಕಂಡುಹಿಡಿದ. ಮರುವರ್ಷವೇ ಲೋಲಕದ ಗಡಿಯಾರ. ಅಲ್ಲಿವರೆಗೆ ದಿನಕ್ಕೆ ಸುಮಾರು ಕಾಲು ಗಂಟೆ ತಪ್ಪುತ್ತಿದ್ದ ಗಡಿಯಾರಗಳ ತಪ್ಪು ಸೆಕೆಂಡುಗಳ ಲೆಕ್ಕಕ್ಕೆ ಇಳಿಯಿತು.

ಅವನ ಕಣ್ಣಿದ್ದದ್ದು ಸಮುದ್ರದ ಮೇಲೆ. ಹಡಗಿನಲ್ಲಿ ಸರಿಯಾದ ಸಮಯ ಗೊತ್ತಿಲ್ಲದಿದ್ದರೆ ರೇಖಾಂಶ ಗೊತ್ತಾಗಲ್ಲ, ದಾರಿ ತಪ್ಪುತ್ತೆ, ಜನ ಸಾಯ್ತಾರೆ. ಒಂದು ಗಡಿಯಾರ ನಿಂತರೂ ಇನ್ನೊಂದು ಇರಲಿ ಅಂತ ಜೋಡಿಯಾಗಿ ಮಾಡಿಸಿದ್ದ. 1665ರ ಫೆಬ್ರವರಿಯಲ್ಲಿ ಕಾಯಿಲೆ ಬಿದ್ದು ಹಾಸಿಗೆಯಲ್ಲಿದ್ದಾಗ ಆ ಜೋಡಿಯನ್ನೇ ನೋಡ್ತಾ ಇದ್ದ. ಎರಡೂ ಲೋಲಕ ಒಂದಕ್ಕೊಂದು ಎದುರುಬದುರಾಗಿ, ಒಂದು ಚೂರೂ ತಪ್ಪದೆ ಆಡುತ್ತಿದ್ದವು. ಕೈಯಿಂದ ಕೆಡಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಹಾಗೇ! ಮೊದಲು ಗಾಳಿಯ ಆಟ ಅಂದುಕೊಂಡ. ಆಮೇಲೆ ಗೊತ್ತಾಯ್ತು, ಎರಡನ್ನೂ ಹೊತ್ತಿದ್ದ ತೊಲೆಯೇ ಕಣ್ಣಿಗೆ ಕಾಣದಷ್ಟು ಅಲುಗುತ್ತಿತ್ತು.

ನಮ್ಮ ಚಿಪ್‌ನಲ್ಲಿ ಅಂಥ ತೊಲೆ ಇಲ್ಲ. ಎರಡು ಬೇರೆ ಕ್ರಿಸ್ಟಲ್‌ನಿಂದ ಬಂದ ಕ್ಲಾಕ್‌ಗಳು ಯಾವತ್ತೂ ರಾಜಿಯಾಗಲ್ಲ. ಫ್ಲಿಪ್‌ಫ್ಲಾಪ್ ಓದೋ ಕ್ಷಣದಲ್ಲೇ ಡೇಟಾ ಬದಲಾದರೆ ಔಟ್‌ಪುಟ್ ಕೆಲಹೊತ್ತು ಸೊನ್ನೆಯೂ ಅಲ್ಲ, ಒಂದೂ ಅಲ್ಲ. ಸಾಲಾಗಿ ಎರಡು ಫ್ಲಿಪ್‌ಫ್ಲಾಪ್ ಇಟ್ಟರೆ ಅದು ಇತ್ಯರ್ಥವಾಗಲು ಸಮಯ ಸಿಗುತ್ತೆ. ಆದರೆ ಎಂಟು ಬಿಟ್‌ನ ಕೌಂಟರ್‌ಗೆ ಇದೇ ಮದ್ದು ಹಾಕಿದರೆ ಒಂದೊಂದು ಬಿಟ್ ಒಂದೊಂದು ಸೈಕಲ್‌ನಲ್ಲಿ ಬಂದು ಹೊಸದೇ ಸಂಖ್ಯೆ ಹುಟ್ಟಬಹುದು. ಅದಕ್ಕೇ ಗ್ರೇ ಕೋಡ್. ನಾವು ಎಡವಿದ್ದು ಇಲ್ಲೇ. ಸಿಮ್ಯುಲೇಶನ್ ಪಾಸಾಗಿತ್ತು, ಬೋರ್ಡ್ ಮಾತ್ರ ಆಗಾಗ ಹುಚ್ಚು ಲೆಕ್ಕ ಹೇಳ್ತಿತ್ತು. ದಾಟುವ ಪ್ರತಿ ತಂತಿಯನ್ನೂ ಬೇರೆಯಾಗಿ ಹುಡುಕಿ ನೋಡಬೇಕು ಅಂತ ಆಮೇಲೆ ತಿಳೀತು.

1666ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಹೋದ ಹೈಗೆನ್ಸ್, ಪದೇ ಪದೇ ಕಾಯಿಲೆಯಾಗಿ 1681ರಲ್ಲಿ ಊರಿಗೆ ಮರಳಿದ. 1695ರಲ್ಲಿ ತೀರಿಕೊಂಡ. ಕಡಲಿನ ಗಡಿಯಾರದ ಆಸೆ ಪೂರ್ತಿ ಕೈಗೂಡಲಿಲ್ಲ. ಹಡಗಿನ ಹೊಯ್ದಾಟಕ್ಕೆ ಲೋಲಕ ತಡೆಯಲಿಲ್ಲ.

1997ರಲ್ಲಿ ಟೈಟನ್‌ಗೆ ಹೊರಟ ನೌಕೆಗೆ ಅವನದೇ ಹೆಸರು. ಅದನ್ನು ಹೊತ್ತಿದ್ದದ್ದು ಕ್ಯಾಸಿನಿ. ದಾರಿಯಲ್ಲಿರುವಾಗಲೇ, 2000ದಲ್ಲಿ, ಬೋರಿಸ್ ಸ್ಮೀಡ್ಸ್ ಎಂಬ ಇಂಜಿನಿಯರ್ ಭೂಮಿಯಿಂದ ಟೆಸ್ಟ್ ಸಿಗ್ನಲ್ ಕಳಿಸಿದರೆ ಕ್ಯಾಸಿನಿಯ ರಿಸೀವರ್ ಬಿಟ್‌ಗಳನ್ನು ಸರಿಯಾಗಿ ಹಿಡೀತಿರಲಿಲ್ಲ. ಡಾಪ್ಲರ್‌ನಿಂದ ಡೇಟಾದ ವೇಗವೂ ಬದಲಾಗುತ್ತೆ. ಬಿಟ್ ಸಿಂಕ್ರೊನೈಸರ್ ಅಷ್ಟಕ್ಕೆ ತಯಾರಿರಲಿಲ್ಲ. ಹಾರಿಹೋದ ಹಾರ್ಡ್‌ವೇರ್ ತಿದ್ದೋಕಾಗುತ್ತಾ? ಕ್ಯಾಸಿನಿಯ ದಾರಿಯನ್ನೇ ಬದಲಿಸಿ ಡಾಪ್ಲರ್ ತಗ್ಗಿಸಿದರು. 2005ರ ಜನವರಿ 14ರಂದು ಹೈಗೆನ್ಸ್ ಟೈಟನ್ ಮೇಲೆ ಇಳಿದು, ಅಲ್ಲಿನ ನೆಲದ ಚಿತ್ರ ಕಳಿಸಿತು.