ಹಳೇ ಜೀಪಿಗೆ ಕೈ ಹಾಕಿ ಲ್ಯಾಂಡ್ ರೋವರ್ ಕಟ್ಟಿದ ಮಾರಿಸ್ ವಿಲ್ಕ್ಸ್

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಲ್ಲಿ ನಮ್ಮ ಸೋದರಮಾವನ ಮನೆ ಹಿಂದೆ, ಹುಣಸೆ ಮರದ ಕೆಳಗೆ, ಒಂದು ಹಳೇ ಮಹೀಂದ್ರ ಜೀಪು ನಾಲ್ಕು ವರ್ಷ ನಿಂತಲ್ಲೇ ನಿಂತಿತ್ತು. ಹಿಂದಿನ ಸೀಟಲ್ಲಿ ಕೋಳಿ ಮೊಟ್ಟೆ ಇಡ್ತಿದ್ದವು. ಗುಜರಿಯವನು ತೂಕದ ಲೆಕ್ಕಕ್ಕೆ ಕೇಳಿಕೊಂಡು ಎರಡು ಸಲ ಬಂದು ಹೋಗಿದ್ದ. ಮಾವನಿಗೆ ಮಾರೋಕೆ ಮನಸ್ಸಿಲ್ಲ, ರಿಪೇರಿ ಮಾಡಿಸೋಕೆ ದುಡ್ಡಿಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪತ್ರಕರ್ತನಾದ ನಾನು, 80 ಸಾವಿರದೊಳಗೆ ಓಡೋ ಹಾಗೆ ಮಾಡಿಸ್ತೀನಿ ಅಂತ ಹುಮ್ಮಸ್ಸಿನಲ್ಲಿ ಮಾತು ಕೊಟ್ಟುಬಿಟ್ಟೆ.

ಆ ಮೂರು ತಿಂಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದವರು ಮಾರಿಸ್ ವಿಲ್ಕ್ಸ್. ಕಾಲೇಜಿನಲ್ಲಿ ಅವರ ಹೆಸರನ್ನು ಯಾರೂ ನಮಗೆ ಹೇಳಿರಲಿಲ್ಲ. ಆದರೆ ಅವರು ಕಟ್ಟಿದ ಗಾಡಿ ಯಾರಿಗೆ ಗೊತ್ತಿಲ್ಲ? ಲ್ಯಾಂಡ್ ರೋವರ್. ಕಾಡು, ಮರುಭೂಮಿ, ಸೈನ್ಯ ಎಲ್ಲ ಕಡೆ ಓಡಿದ ಈ ಗಾಡಿಯ ಮೂಲ, ಒಬ್ಬ ಜಮೀನ್ದಾರ ಎಂಜಿನಿಯರ್ ತನ್ನ ಹೊಲದಲ್ಲಿ ಇಟ್ಟುಕೊಂಡಿದ್ದ, ಸವೆದು ಹೋಗುತ್ತಿದ್ದ ಒಂದು ಸೆಕೆಂಡ್ ಹ್ಯಾಂಡ್ ಜೀಪು.

ಮಾರಿಸ್ ಹುಟ್ಟಿದ್ದು 1904ರ ಆಗಸ್ಟ್ 19ರಂದು, ಇಂಗ್ಲೆಂಡಿನ ದಕ್ಷಿಣ ತೀರದ ಹೇಲಿಂಗ್ ದ್ವೀಪದಲ್ಲಿ. 20ರ ಹರೆಯದಲ್ಲಿ ಎರಡು ವರ್ಷ ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ದುಡಿದರು. ಸಾವಿರಗಟ್ಟಲೆ ಕಾರು ಒಂದೇ ಸಮ ಹೊರಬರುವ ಕಾರ್ಖಾನೆ ಹೇಗಿರುತ್ತದೆ ಅಂತ ಅಲ್ಲಿ ಕಣ್ಣಾರೆ ಕಂಡರು. ವಾಪಸು ಬಂದು ಹಿಲ್ಮನ್ ಕಂಪನಿ ಸೇರಿ, 1930ರಲ್ಲಿ ರೋವರ್‌ಗೆ ಬಂದರು. ಅವರಿಗಿಂತ 13 ವರ್ಷ ದೊಡ್ಡವರಾದ ಅಣ್ಣ ಸ್ಪೆನ್ಸರ್ ಅದೇ ಕಂಪನಿಯಲ್ಲಿದ್ದರು. ಅಣ್ಣ ಲೆಕ್ಕ ನೋಡುವವರು, ತಮ್ಮ ಯಂತ್ರ ನೋಡುವವರು. ಮುಳುಗುವ ಸ್ಥಿತಿಯಲ್ಲಿದ್ದ ರೋವರ್ ಅನ್ನು ಇಬ್ಬರೂ ಸೇರಿ ಎತ್ತಿ ನಿಲ್ಲಿಸಿದರು. ಕಡಿಮೆ ಕಾರು ಮಾಡೋಣ, ಗಟ್ಟಿ ಕಾರು ಮಾಡೋಣ ಅನ್ನೋದು ಅವರ ನೀತಿಯಾಗಿತ್ತು.

ಎರಡನೇ ಮಹಾಯುದ್ಧ ಬಂತು. 1940ರಲ್ಲಿ ಬ್ರಿಟನ್ ಸರ್ಕಾರ ಫ್ರಾಂಕ್ ವಿಟಲ್ ಅವರ ಜೆಟ್ ಎಂಜಿನ್ ತಯಾರಿಸುವ ಕೆಲಸವನ್ನು ರೋವರ್‌ಗೆ ಒಪ್ಪಿಸಿತು. ಇಲ್ಲಿ ಮಾರಿಸ್ ಅವರ ಸ್ವಭಾವದ ಇನ್ನೊಂದು ಮುಖ ಕಾಣುತ್ತದೆ. ಇನ್ನೊಬ್ಬರು ಮಾಡಿದ ಯಂತ್ರ ಕೈಗೆ ಬಂದರೆ ಅದನ್ನು ಹಾಗೇ ಬಿಡೋದು ಅವರಿಂದ ಆಗ್ತಿರಲಿಲ್ಲ. ಕಾರ್ಖಾನೆಯಲ್ಲಿ ಸುಲಭವಾಗಿ ತಯಾರಾಗಬೇಕು ಅಂತ ವಿನ್ಯಾಸಕ್ಕೆ ಕೈ ಹಾಕಿದರು. ತನ್ನನ್ನು ಕೇಳದೆ ಬದಲಾಯಿಸುತ್ತಿದ್ದಾರೆ ಅಂತ ವಿಟಲ್ ಕೆಂಡವಾದರು. ಜಗಳದಲ್ಲಿ ಕೆಲಸ ಕುಂಟಿತು. ಕೊನೆಗೆ 1943ರ ಆರಂಭದಲ್ಲಿ ಜೆಟ್ ಕೆಲಸ ರೋಲ್ಸ್ ರಾಯ್ಸ್ ಪಾಲಾಯಿತು, ಬದಲಿಗೆ ಟ್ಯಾಂಕಿನ ಎಂಜಿನ್ ತಯಾರಿಕೆ ರೋವರ್‌ಗೆ ಬಂತು. ವಿಟಲ್ ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ರೋವರ್‌ನಲ್ಲಿ ಗುಟ್ಟಾಗಿ ತಿದ್ದಿದ ವಿನ್ಯಾಸವೇ ಮುಂದೆ ರೋಲ್ಸ್ ರಾಯ್ಸ್‌ನ ಡರ್ವೆಂಟ್ ಎಂಜಿನ್ನಿಗೆ ತಳಹದಿಯಾಯಿತು ಅನ್ನೋದೂ ನಿಜ.

ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ ಬರಿಗೈ ಆಗಿತ್ತು. ಉಕ್ಕು ರೇಷನ್ನಿನಲ್ಲಿ ಸಿಗುತ್ತಿತ್ತು. ವಿದೇಶಕ್ಕೆ ಮಾರಿ ಡಾಲರ್ ತರುವ ಕಂಪನಿಗೇ ಉಕ್ಕಿನಲ್ಲಿ ಆದ್ಯತೆ. ಶ್ರೀಮಂತರ ಕಾರು ಮಾಡುವ ರೋವರ್‌ಗೆ ಹೊರಗೆ ಅಂಥಾ ಮಾರುಕಟ್ಟೆ ಇರಲಿಲ್ಲ. ಕಾವೆಂಟ್ರಿಯ ಕಾರ್ಖಾನೆ ಬಾಂಬಿಗೆ ಸಿಕ್ಕಿ ಹಾಳಾಗಿತ್ತು. ಸೋಲಿಹಲ್‌ನ ದೊಡ್ಡ ಕಾರ್ಖಾನೆ ಕೈಯಲ್ಲಿತ್ತು, ಅದರ ತುಂಬ ಕೆಲಸ ಇರಲಿಲ್ಲ.

ವೇಲ್ಸ್‌ನ ಆಂಗಲ್ಸಿ ದ್ವೀಪದಲ್ಲಿ ಮಾರಿಸ್ ಅವರಿಗೆ ಜಮೀನಿತ್ತು. ಅಲ್ಲಿನ ಕೆಲಸಕ್ಕೆ ಸೈನ್ಯ ಮಾರಿಬಿಟ್ಟಿದ್ದ ಒಂದು ವಿಲ್ಲಿಸ್ ಜೀಪು ಇಟ್ಟುಕೊಂಡಿದ್ದರು. ಗದ್ದೆ, ಕೆಸರು, ಮರಳು ಎಲ್ಲಿಗೆ ಬೇಕಾದರೂ ಹೋಗ್ತಿತ್ತು. ಆದರೆ ಯುದ್ಧದಲ್ಲಿ ಜರ್ಜರಿತವಾದ ಗಾಡಿ, ಬಿಡಿಭಾಗ ಸಿಗೋದು ಕಷ್ಟ. ಇದು ಪೂರ್ತಿ ಸವೆದ ಮೇಲೆ ಏನು ಮಾಡ್ತೀಯ ಅಂತ ಅಣ್ಣ ಕೇಳಿದಾಗ, ಇನ್ನೊಂದು ಜೀಪೇ ತರಬೇಕು, ಬೇರೆ ಯಾವುದೂ ಇಲ್ಲ ಅಂತ ಮಾರಿಸ್ ಹೇಳಿದ್ದರಂತೆ. ಆ ಉತ್ತರದಲ್ಲೇ ವ್ಯಾಪಾರ ಅಡಗಿತ್ತು. 1947ರ ಈಸ್ಟರ್ ಸಮಯದಲ್ಲಿ ರೆಡ್ ವಾರ್ಫ್ ಕೊಲ್ಲಿಯ ಮರಳಿನ ಮೇಲೆ ಮಾರಿಸ್ ಹೊಸ ಗಾಡಿಯ ಗೆರೆ ಎಳೆದು ಅಣ್ಣನಿಗೆ ತೋರಿಸಿದರು ಎಂಬುದು ಕಂಪನಿಯಲ್ಲಿ ತಲೆಮಾರಿನಿಂದ ಹೇಳಿಕೊಂಡು ಬಂದ ಕತೆ.

ಅದೇ ವರ್ಷ ತಯಾರಾದ ಮೊದಲ ಮಾದರಿಯನ್ನು ಇಂದಿನ ಭಾಷೆಯಲ್ಲಿ ಮಾಡಿಫೈಡ್ ಜೀಪು ಅನ್ನಬಹುದು. ಚಾಸಿ ಜೀಪಿನದು, ಎಂಜಿನ್ ರೋವರ್ ಕಾರಿನದು. ಸ್ಟೀರಿಂಗ್ ಎಡಕ್ಕೂ ಅಲ್ಲ ಬಲಕ್ಕೂ ಅಲ್ಲ, ಟ್ರ್ಯಾಕ್ಟರ್ ಥರ ನಟ್ಟನಡುವೆ! ಯಾವ ದೇಶಕ್ಕೆ ಕಳಿಸಿದರೂ ಒಂದೇ ಮಾದರಿ ಸಾಕಾಗುತ್ತದೆ ಅನ್ನುವ ಲೆಕ್ಕಾಚಾರ. ಓಡಿಸಿ ನೋಡಿದಾಗ ಅದು ಹೊಂದಲಿಲ್ಲ, ಕೈಬಿಟ್ಟರು.

ಮುಂದಿನ ತೀರ್ಮಾನಗಳನ್ನೆಲ್ಲ ಬಡತನವೇ ಮಾಡಿತು ಅನ್ನಬಹುದು. ಉಕ್ಕಿನ ಹಾಳೆ ಸಿಗಲ್ಲ, ಆದರೆ ಅಲ್ಯೂಮಿನಿಯಂ ಸಿಗುತ್ತದೆ. ಹಾಗಾಗಿ ಬಾಡಿಗೆ ಅಲ್ಯೂಮಿನಿಯಂ ಮಿಶ್ರಲೋಹ. ದುಬಾರಿ ಪ್ರೆಸ್ ಅಚ್ಚು ಮಾಡಿಸಲು ಹಣವಿಲ್ಲ. ಹಾಗಾಗಿ ಉಬ್ಬುತಗ್ಗಿಲ್ಲದ ಚಪ್ಪಟೆ ತಗಡು, ಬಾಗಿಸಿ ಬೋಲ್ಟ್ ಹಾಕಿದರೆ ಆಯಿತು. ಚಾಸಿಯನ್ನೂ ಉಕ್ಕಿನ ಪಟ್ಟಿಗಳನ್ನು ಪೆಟ್ಟಿಗೆಯ ಹಾಗೆ ಜೋಡಿಸಿ ವೆಲ್ಡ್ ಮಾಡಿದರು. ಬಣ್ಣವೂ ಯುದ್ಧದಲ್ಲಿ ಉಳಿದುಹೋಗಿದ್ದ ಹಸಿರು. ಎಂಜಿನ್ 1.6 ಲೀಟರ್, 50 ಅಶ್ವಶಕ್ತಿ. ಚಕ್ರಗಳ ನಡುವಿನ ಅಂತರ 80 ಇಂಚು, ಜೀಪಿನಷ್ಟೇ. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಂ ಪ್ರದರ್ಶನದಲ್ಲಿ ಗಾಡಿ ಜನರ ಮುಂದೆ ಬಂತು. ಬೆಲೆ 450 ಪೌಂಡ್. ಬಾಗಿಲು ಬೇಕೆಂದರೆ ಬೇರೆ ದುಡ್ಡು.

ಕಾರು ವ್ಯಾಪಾರ ಚೇತರಿಸಿಕೊಳ್ಳುವ ತನಕ ಎರಡು ಮೂರು ವರ್ಷ ನಡೆದರೆ ಸಾಕು ಅಂತ ಶುರು ಮಾಡಿದ್ದು. ಸ್ವಲ್ಪ ದಿನದಲ್ಲೇ ಅದು ರೋವರ್ ಕಾರುಗಳಿಗಿಂತ ಹೆಚ್ಚು ಮಾರಾಟವಾಯಿತು. ಕಾರಣ ಸರಳ. ಹಾಳಾದರೆ ಸ್ಪ್ಯಾನರ್ ಹಿಡಿದ ಯಾರು ಬೇಕಾದರೂ ಬಿಚ್ಚಬಹುದಿತ್ತು. ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. ಅವರ ತಂಡ 1950ರಲ್ಲಿ ಗ್ಯಾಸ್ ಟರ್ಬೈನ್‌ನಿಂದ ಓಡುವ ಜಗತ್ತಿನ ಮೊದಲ ಕಾರನ್ನು ರಸ್ತೆಗಿಳಿಸಿತು. ಕಳೆದುಕೊಂಡಿದ್ದ ಜೆಟ್ ಕನಸನ್ನು ಕಾರಿನಲ್ಲಿ ತೀರಿಸಿಕೊಂಡರು ಅನ್ನಿ. ಆ ಕಾರು ಮಾರುಕಟ್ಟೆಗೆ ಬರಲೇ ಇಲ್ಲ. 1962ರಲ್ಲಿ ಅಣ್ಣನ ನಂತರ ಕಂಪನಿಯ ಅಧ್ಯಕ್ಷರಾದ ಮಾರಿಸ್, 1963ರ ಸೆಪ್ಟೆಂಬರ್ 8ರಂದು ಅದೇ ಆಂಗಲ್ಸಿಯ ಜಮೀನಿನಲ್ಲಿ ತೀರಿಕೊಂಡರು. ಆಗ ಅವರಿಗೆ 59. ಅವರ ಗಾಡಿಯ ವಂಶ ಸೋಲಿಹಲ್‌ನಲ್ಲಿ 2016ರ ಜನವರಿವರೆಗೆ, 20 ಲಕ್ಷ ದಾಟುವ ತನಕ ತಯಾರಾಯಿತು. ಅಷ್ಟರಲ್ಲಿ ಕಂಪನಿ ನಮ್ಮ ಟಾಟಾದವರ ಕೈಗೆ ಬಂದು ಎಂಟು ವರ್ಷವಾಗಿತ್ತು.

ಮಾರಿಸ್ ಮರಳಲ್ಲಿ ಗೆರೆ ಎಳೆದ ಅದೇ 1947ರಲ್ಲಿ ಬಾಂಬೆಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದ್ದರು. ಮಾವನ ಜೀಪು ಆ ವಂಶದ್ದು. ಹಾಗಾಗಿ ಹುಣಸೆ ಮರದ ಕೆಳಗಿದ್ದದ್ದು ಲ್ಯಾಂಡ್ ರೋವರ್‌ಗೆ ದಾಯಾದಿ.

ನಾನು ಮೊದಲು ಹಾಕಿದ ಪಟ್ಟಿಯಲ್ಲಿ ಅಗಲದ ಟೈರು, ಪವರ್ ಸ್ಟೀರಿಂಗ್, ಹೊಸ ಬಣ್ಣ ಇತ್ತು. ಕೊರಟಗೆರೆಯ ಮೆಕ್ಯಾನಿಕ್ ಅದನ್ನ ನೋಡಿ ನಕ್ಕುಬಿಟ್ಟ. ಸುತ್ತಿಗೆ ತಗೊಂಡು ಗಾಡಿ ಕೆಳಗೆ ತೂರಿ ಚಾಸಿಯನ್ನು ಉದ್ದಕ್ಕೂ ಕುಟ್ಟಿದ. ಗಟ್ಟಿ ಇದ್ದ ಕಡೆ ಒಂದು ಸದ್ದು, ತುಕ್ಕು ತಿಂದ ಕಡೆ ಇನ್ನೊಂದು. ಎರಡು ಕಡೆ ತೇಪೆ ಬೇಕಾಯಿತು. ಆಮೇಲೆ ಬ್ರೇಕು, ಆಮೇಲೆ ಸ್ಟೀರಿಂಗಿನ ಆಟ, ಆಮೇಲೆ ಪಟ್ಟಾ ಬುಷ್, ವೈರಿಂಗ್. ಎಂಜಿನ್ ಅದಾದ ಮೇಲೆ. ನಿಲ್ಲದ ಗಾಡಿಯನ್ನ ಓಡಿಸಿ ಏನು ಪ್ರಯೋಜನ ಅನ್ನೋದು ಅವನ ತರ್ಕ. ದೊಡ್ಡ ಟೈರು ಹಾಕಿದರೆ ಬ್ರೇಕು, ಆಕ್ಸಲ್, ಗೇರು ಎಲ್ಲದರ ಮೇಲೂ ಭಾರ ಬೀಳುತ್ತದೆ ಅಂತ ಅವನು ವಿವರಿಸಿದ. ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದ ಟಾರ್ಕ್ ಸೂತ್ರವನ್ನ ಅವನು ಕೈಯಲ್ಲಿ ತಿಳಿದಿದ್ದ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂತ ಐದು ಸಲ ಅಲೆದೆ. 80 ಸಾವಿರ ಅಂದಿದ್ದು 93 ಸಾವಿರ ಆಯಿತು. ಬಣ್ಣ ಇನ್ನೂ ಆಗಿಲ್ಲ.

ಈಗ ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ಥರದ ಎಂಜಿನ್ ಹಾಕಬೇಕೆಂದರೂ ಅನುಮತಿ ಬೇಕು. ಮಾರಿಸ್ ಕಟ್ಟಿದ ಮೊದಲ ಮಾದರಿ ಇಂದು ತುಮಕೂರು ರಸ್ತೆಗೆ ಬಂದರೆ ಸೀಜ್ ಆಗ್ತದೆ. ಕಾನೂನು ತಪ್ಪು ಅನ್ನಲ್ಲ. ಮನಸ್ಸಿಗೆ ಬಂದ ಹಾಗೆ ವೆಲ್ಡ್ ಮಾಡಿದ ಗಾಡಿ ಎದುರು ಬರುವವರ ಜೀವ ತೆಗೆಯುತ್ತದೆ. ಆದರೆ 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಖಾಸಗಿ ಕಾರು, ಜೀಪುಗಳ ಮರುನೋಂದಣಿ ಶುಲ್ಕವನ್ನ 600 ರೂಪಾಯಿಯಿಂದ 5,000ಕ್ಕೆ ಏರಿಸಿದ ಸರ್ಕಾರ, ಅದೇ ವರ್ಷ ಡಿಸೆಂಬರ್‌ನಲ್ಲಿ ರಿಪೇರಿಯ ಹಕ್ಕಿನ ಪೋರ್ಟಲ್ಲನ್ನೂ ತೆರೆಯಿತು. ಒಂದು ಕೈ ಹಳೇ ಗಾಡಿಯನ್ನ ಗುಜರಿಗೆ ತಳ್ಳುತ್ತದೆ, ಇನ್ನೊಂದು ಕೈ ರಿಪೇರಿ ಮಾಡಿಕೋ ಅನ್ನುತ್ತದೆ. ಹೊಸ ಗಾಡಿಯ ಕಂತು ಕಟ್ಟಲಾಗದ ರೈತ ಯಾವ ಕೈ ಹಿಡೀಬೇಕು?

ರಿಪೇರಿ ಅಂದರೆ ಬಡವರ ಅನಿವಾರ್ಯತೆ, ಎಂಜಿನಿಯರಿಂಗ್ ಅಂದರೆ ಹೊಸದನ್ನು ಮಾಡೋದು ಅಂತ ನಮ್ಮ ಕಾಲೇಜುಗಳು ಕಲಿಸುತ್ತವೆ. ರೋವರ್‌ನ ಮುಖ್ಯ ಎಂಜಿನಿಯರ್ ಆಗಿದ್ದವರಿಗೆ ಹೊಸ ಗಾಡಿ ಹೊಳೆದದ್ದು ಹಳೇ ಜೀಪಿಗೆ ಬಿಡಿಭಾಗ ಸಿಗದೆ ಇದ್ದಾಗ. ಕೊರಟಗೆರೆಯ ಆ ಮೆಕ್ಯಾನಿಕ್‌ನಂಥವರಿಗೆ ಭಾಗಗಳ ನಕ್ಷೆ ಸಿಗಲಿ, ಮಾಡಿದ ಕೆಲಸವನ್ನ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ತಾಲ್ಲೂಕಿನಲ್ಲೇ ಬರಲಿ. ಕೇಳ್ತಿರೋದು ಇಷ್ಟೇ.

ಹೋದ ವಾರ ಮಾವ ಜೀಪಿನಲ್ಲಿ ತೋಟದಿಂದ ಟೊಮೆಟೊ ಕ್ರೇಟು ಹೇರಿಕೊಂಡು ಬಂದರಂತೆ. ಕೋಳಿಗಳಿಗೆ ಬೇರೆ ಜಾಗ ಹುಡುಕಬೇಕಾಗಿದೆ.