ಪಂಡಿತಾ ರಮಾಬಾಯಿಯವರು ಹೊಂದಿದ ವರ

ಸಹ್ಯಾದ್ರಿಯ ಮೇಲೆ ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲವೆಂಬ ಅರಣ್ಯಸ್ಥಳವುಂಟು. ಆ ಕಾಡಿನೊಳಗಿನ ಒಂದು ಆಶ್ರಮದಲ್ಲಿ 1858ನೆಯ ಇಸವಿ ಏಪ್ರಿಲ್ ತಿಂಗಳ 23ನೆಯ ತಾರೀಖಿನಲ್ಲಿ ಹುಟ್ಟಿದ ಹೆಣ್ಣುಮಗುವೇ ಮುಂದೆ ಪಂಡಿತಾ ರಮಾಬಾಯಿಯೆಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಮಹಾರಾಷ್ಟ್ರದವರು ಇವರನ್ನು ತಮ್ಮವರೆಂದು ಹೇಳಿಕೊಳ್ಳುವುದು ನ್ಯಾಯವೇ. ಆದರೆ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳದವರಾದುದರಿಂದಲೂ, ಹುಟ್ಟಿದ ನೆಲವು ನಮ್ಮದಾದುದರಿಂದಲೂ, ಕನ್ನಡ ನಾಡಿನ ಹೆಣ್ಣುಮಕ್ಕಳ ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಇವರ ಚರಿತ್ರೆಯನ್ನು ಬರೆಯುವುದಕ್ಕೆ ನಾವು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ಅನಂತಶಾಸ್ತ್ರಿಗಳು ತಮ್ಮ ಕಾಲಕ್ಕೆ ಅಪರೂಪವಾದ ಪುರುಷರು. ಹೆಂಡತಿಯಾದ ಲಕ್ಷ್ಮೀಬಾಯಿಗೆ ಅವರು ಸಂಸ್ಕೃತವನ್ನು ಕಲಿಸತೊಡಗಿದಾಗ ಬಂಧುಗಳೂ ಪಂಡಿತರೂ ಕೋಪಗೊಂಡರು. ಉಡುಪಿಯಲ್ಲಿ ಕೂಡಿದ ವಿದ್ವಾಂಸರ ಸಭೆಯ ಮುಂದೆ ನಿಂತು, ಸ್ತ್ರೀಯರು ಸಂಸ್ಕೃತವನ್ನು ಓದಬಾರದೆಂಬ ನಿಷೇಧವು ಶಾಸ್ತ್ರಗಳಲ್ಲಿಲ್ಲವೆಂದು ಅವರು ಗ್ರಂಥಪ್ರಮಾಣಗಳಿಂದ ವಾದಿಸಿದರು. ಆ ತಾಯಿಯೇ ಎಂಟು ವರುಷದ ಮಗಳಿಗೆ ಗುರುವಾದಳು. ಪುಸ್ತಕವಿಲ್ಲದೆ ತಾಯಿಯ ಬಾಯಿಂದಲೇ ಕಲಿತು ರಮಾಬಾಯಿಯವರು ಭಾಗವತದ ಹದಿನೆಂಟು ಸಾವಿರ ಶ್ಲೋಕಗಳನ್ನು ಕಂಠಪಾಠ ಮಾಡಿದರು. ತಾಯಿಯಾದವಳು ಓದು ಬಲ್ಲವಳಾದರೆ ಮನೆಯೇ ಶಾಲೆಯಾಗುವುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ನಾವು ಕಂಡಿಲ್ಲ.

ಮಗುವಿಗೆ ಆರು ತಿಂಗಳಾಗಿದ್ದಾಗಲೇ ಈ ಕುಟುಂಬವು ಕಾಡನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಊರಿಂದೂರಿಗೆ ನಡೆದು, ದೇವಸ್ಥಾನಗಳಲ್ಲಿಯೂ ನದೀತೀರಗಳಲ್ಲಿಯೂ ಪುರಾಣವನ್ನೋದಿ, ಕೇಳಿದವರು ಕೊಟ್ಟದ್ದರಿಂದ ಜೀವಿಸುವುದು ಅವರ ಕ್ರಮವಾಗಿತ್ತು. ಬಂದ ಕಾಣಿಕೆಯಲ್ಲಿ ತಮಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ದಾನ ಮಾಡುತ್ತಿದ್ದರು. ಆಮೇಲೆ ಮದ್ರಾಸ್ ಅಧಿಪತ್ಯದಲ್ಲಿ ಕ್ಷಾಮವು ಬಂದಿತು. ದೇವರು ಮೆಚ್ಚಿದರೆ ಕಷ್ಟವು ನೀಗುವುದೆಂದು ನಂಬಿ ಅವರು ಇನ್ನೂ ಹೆಚ್ಚಾಗಿ ದಾನ ಕೊಟ್ಟರು, ಇನ್ನೂ ಹೆಚ್ಚಾಗಿ ಉಪವಾಸವಿದ್ದರು, ಇನ್ನೂ ಹೆಚ್ಚಾಗಿ ಜಪ ಮಾಡಿದರು. ಹಣ ತೀರಿದ ಮೇಲೆ ಒಡವೆಗಳನ್ನೂ, ಅವು ತೀರಿದ ಮೇಲೆ ಬೆಳ್ಳಿ ತಾಮ್ರದ ಪಾತ್ರೆಗಳನ್ನೂ ಮಾರಿ ಪುಣ್ಯಕಾರ್ಯಕ್ಕೆ ಸುರಿದರು. ತಿರುಪತಿಯ ಕಡೆಯ ಕಾಡಿನಲ್ಲಿ ಹನ್ನೊಂದು ದಿನಗಳು ನೀರು, ಎಲೆ, ಒಂದು ಹಿಡಿಯಷ್ಟು ಕಾಡಿನ ಈಚಲ ಹಣ್ಣು ಇವುಗಳಿಂದ ಪ್ರಾಣವನ್ನು ಹಿಡಿದುಕೊಂಡರು. 1874ರಲ್ಲಿ ತಂದೆ ಸತ್ತರು. ಸ್ವಲ್ಪ ಕಾಲದಲ್ಲಿಯೇ ತಾಯಿಯೂ ಆಮೇಲೆ ಹಿರಿಯಕ್ಕನೂ ಸತ್ತರು. ತಾಯಿಯ ಶವವನ್ನು ಹೊರಲು ಜನ ಸಿಗದೆ ಮಗನೂ ಮಗಳೂ ಇಬ್ಬರು ದಯಾವಂತರೊಡನೆ ಹೆಗಲು ಕೊಡಬೇಕಾಯಿತು. ರಮಾಬಾಯಿಯವರು ಕುಳ್ಳಾಗಿದ್ದುದರಿಂದ ಚಟ್ಟದ ತಮ್ಮ ಮೂಲೆಯನ್ನು ತಲೆಯ ಮೇಲೆ ಹೊತ್ತುಕೊಂಡು ನಡೆದರು.

ಇದನ್ನು ಓದಿ ಆ ತಂದೆತಾಯಿಗಳನ್ನು ಹಗುರವಾಗಿ ಎಣಿಸುವ ಕ್ರೈಸ್ತರು ಯಾರಾದರೂ ಇದ್ದರೆ ಅವರು ರಮಾಬಾಯಿಯವರ ಮನಸ್ಸನ್ನು ಅರಿತವರಲ್ಲ. ಆಕೆಯು ಕೊನೆಯ ವರೆಗೂ ತಂದೆಯನ್ನು ಗೌರವದಿಂದಲೂ ಪ್ರೀತಿಯಿಂದಲೂ ನೆನೆದರು. ಆ ಮನೆಯಲ್ಲಿ ಶ್ರದ್ಧೆಗೆ ಕೊರತೆಯಿರಲಿಲ್ಲ. ಒಬ್ಬ ಮನುಷ್ಯನು ದೇವರಿಗಾಗಿ ಮಾಡಬಹುದಾದುದೆಲ್ಲವನ್ನೂ ಅವರು ಮಾಡಿದ್ದರು. ಇಷ್ಟೆಲ್ಲ ಮಾಡಿದ ಮೇಲೂ ಸಾಕಾಯಿತೆಂದು ಹೇಳುವವರು ಯಾರು ಎಂಬುದೇ ಮಗಳ ಎದೆಯಲ್ಲಿ ಉಳಿದ ಪ್ರಶ್ನೆ.

ಅಣ್ಣ ಶ್ರೀನಿವಾಸಶಾಸ್ತ್ರಿಯೊಡನೆ ಅವರು ಸಾವಿರಾರು ಮೈಲು ನಡೆದರು. ಪಂಜಾಬದ ಝೀಲಂ ನದಿಯ ದಡದಲ್ಲಿ ಚಳಿಯನ್ನು ತಾಳಲಾರದೆ ಮರಳಿನಲ್ಲಿ ಗುಣಿ ತೋಡಿ, ಒಣಮರಳನ್ನೇ ಹೊದ್ದು ಮಲಗಿದ್ದುಂಟು. 1878ರಲ್ಲಿ ಕಲ್ಕತ್ತೆಯನ್ನು ಸೇರಿದಾಗ ಅಲ್ಲಿನ ವಿದ್ವಾಂಸರು ಈ ಇಪ್ಪತ್ತು ವರುಷದ ಕನ್ನಿಕೆಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ ಎಂತಲೂ ಸರಸ್ವತೀ ಎಂತಲೂ ಬಿರುದುಗಳನ್ನಿತ್ತರು. ಸ್ತ್ರೀಧರ್ಮದ ವಿಷಯದಲ್ಲಿ ಉಪನ್ಯಾಸ ಮಾಡಬೇಕೆಂಬ ಕೋರಿಕೆಯಿಂದ ಅವರು ಧರ್ಮಶಾಸ್ತ್ರಗಳನ್ನು ವಿಚಾರಿಸತೊಡಗಿದರು. ಅನೇಕ ಸಂಗತಿಗಳಲ್ಲಿ ಒಂದನ್ನೊಂದು ಒಪ್ಪದ ಆ ಗ್ರಂಥಗಳು ಸ್ತ್ರೀಯ ವಿಷಯದಲ್ಲಿ ಮಾತ್ರ ಒಂದಾಗಿರುವಂತೆ ಅವರಿಗೆ ಕಂಡಿತು: ಗಂಡನ ಸೇವೆಯ ಹೊರತು ಆಕೆಗೆ ಬೇರೆ ಗತಿಯಿಲ್ಲ, ಮೋಕ್ಷ ಬೇಕಾದರೆ ಇನ್ನೊಂದು ಜನ್ಮದಲ್ಲಿ ಪುರುಷಳಾಗಿ ಹುಟ್ಟಬೇಕು. ಪುಣ್ಯವನ್ನು ಕೂಡಿಸಿ ಮುಕ್ತಿಯನ್ನು ಕೊಳ್ಳುವ ಆ ಸಂತೆಯಲ್ಲಿ ಹೆಂಗಸಿನ ನಾಣ್ಯವು ನಡೆಯುವುದೇ ಇಲ್ಲವಾದರೆ ಆಕೆಯು ಮಾಡತಕ್ಕದ್ದೇನು? ಇವರ ಜೀವಿತದ ಮುಂದಿನ ಸಂಗತಿಗಳೆಲ್ಲ ಈ ಗಂಟಿನಿಂದಲೇ ಬಿಚ್ಚಿಕೊಳ್ಳುವವು.

1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರುಷ ಅವರು ಬಿಪಿನ್ ಬಿಹಾರಿ ದಾಸ ಮೇಧಾವಿಯೆಂಬ ಬಂಗಾಳಿ ವಕೀಲರನ್ನು ಜಾತಿಯ ಕಟ್ಟನ್ನು ಮೀರಿ ಮದುವೆಯಾದರು. ಅಸ್ಸಾಮಿನ ಸಿಲ್ಚಾರಿನ ಮನೆಯಲ್ಲಿ ಗಂಡನ ಪುಸ್ತಕಗಳ ನಡುವೆ ಲೂಕನ ಸುವಾರ್ತೆಯ ಚಿಕ್ಕದೊಂದು ಪ್ರತಿಯು ಅವರ ಕೈಗೆ ಸಿಕ್ಕಿತು. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ಸತ್ತನು. ಎಳೆಗೂಸನ್ನೆತ್ತಿಕೊಂಡು ಪೂನಾಕ್ಕೆ ಬಂದ ಇಪ್ಪತ್ತಮೂರು ವರುಷದ ಆ ವಿಧವೆಯು ಅಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು; ಹಂಟರ್ ಆಯೋಗದ ಮುಂದೆ ಸ್ತ್ರೀಶಿಕ್ಷಕಿಯರೂ ಸ್ತ್ರೀವೈದ್ಯರೂ ಬೇಕೆಂದು ಸಾಕ್ಷ್ಯ ಕೊಟ್ಟರು.

1883ರಲ್ಲಿ ವೈದ್ಯವಿದ್ಯೆಯನ್ನು ಕಲಿಯಬೇಕೆಂದು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾದುದರಿಂದ ಆ ಆಸೆಯು ಕೈಗೂಡಲಿಲ್ಲ. ಫುಲ್ಹಮಿನಲ್ಲಿ ವಾಂಟೇಜಿನ ಕ್ರೈಸ್ತ ಸಹೋದರಿಯರು ದಾರಿತಪ್ಪಿದ ಸ್ತ್ರೀಯರನ್ನು ತಾಯಿಯಂತೆ ಪಾಲಿಸುವುದನ್ನು ಕಂಡು ಅವರು ಆಶ್ಚರ್ಯಪಟ್ಟರು; ಸಮಾಜವು ಹೊರಗೆ ಹಾಕಿದವರನ್ನು ಹೀಗೆ ಹತ್ತಿರ ಸೇರಿಸುವುದನ್ನು ಅವರು ಅದುವರೆಗೂ ಎಲ್ಲಿಯೂ ಕಂಡಿರಲಿಲ್ಲ. ಆಗ ಬಾವಿಯ ಬಳಿಯಲ್ಲಿ ಯೇಸುಸ್ವಾಮಿಯೊಡನೆ ಮಾತಾಡಿದ ಸಮಾರ್ಯದ ಹೆಂಗಸಿನ ಕಥೆಯನ್ನು ಓದಿದರು. ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ತಾಯಿಗೂ ಮಗಳಿಗೂ ದೀಕ್ಷಾಸ್ನಾನವಾಯಿತು. ಹಾಗೆಂದು ಗುರುಗಳು ಹೇಳಿದುದನ್ನೆಲ್ಲ ತಲೆಬಾಗಿ ಒಪ್ಪಿಕೊಂಡವರಲ್ಲ. ಸಭೆಯ ಮತಪ್ರಮಾಣಗಳ ವಿಷಯದಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ, ಪ್ರೀತಿಸುತ್ತಿದ್ದ ಸಹೋದರಿಯರನ್ನೇ ದಣಿಸಿದರು. ಪ್ರಶ್ನಿಸುವ ಹುಡುಗಿಯನ್ನು ಅವಿಧೇಯಳೆಂದು ಗದರಿಸುವ ಉಪಾಧ್ಯಾಯಿನಿಯರು ಈ ಭಾಗವನ್ನು ಎರಡು ಸಾರಿ ಓದುವುದು ಒಳ್ಳೆಯದು.

ಅಮೇರಿಕದಲ್ಲಿ ಸ್ನೇಹಿತರನ್ನೂ ಧನಸಹಾಯವನ್ನೂ ಸಂಪಾದಿಸಿಕೊಂಡು ಬಂದು, 1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಶಾರದಾ ಸದನವೆಂಬ ವಿಧವೆಯರ ಶಾಲೆಯನ್ನು ತೆರೆದರು. ಮರುವರುಷ ಅದು ಪೂನಾಕ್ಕೆ ಬಂದಿತು. ಹೊರಗಿನವರ ಕಣ್ಣಿಗೆ ಇವರು ಪೂರ್ಣ ಕ್ರೈಸ್ತರು: ದೀಕ್ಷೆಯಾಗಿದೆ, ಓದಿದೆ, ದೇಶಸೇವೆಯಿದೆ, ಪರೋಪಕಾರವಿದೆ. ಒಳಗಿನ ಸ್ಥಿತಿಯು ಹಾಗಿರಲಿಲ್ಲ. ದೀಕ್ಷೆಯಾಗಿ ಎಂಟು ವರುಷಗಳಾದ ಮೇಲೆ, 1891ರ ಸುಮಾರಿಗೆ, ತಾನು ಕ್ರಿಸ್ತನ ಮತವನ್ನು ಸೇರಿದ್ದರೂ ಕ್ರಿಸ್ತನನ್ನೇ ಹೊಂದಿಲ್ಲವೆಂಬುದು ಅವರಿಗೆ ಹೊಳೆಯಿತು. ಕಾರ್ನ್ವಾಲ್ ಸೀಮೆಯ ಹ್ಯಾಸ್ಲಮ್ ಎಂಬ ಪಾದ್ರಿಯ ಆತ್ಮಚರಿತ್ರೆಯು ಆಗ ಅವರಿಗೆ ಸಹಾಯವಾಯಿತು. ಆ ಪಾದ್ರಿಯು ವರುಷಗಟ್ಟಲೆ ಸಭೆಯ ಕೆಲಸವನ್ನು ನಿಷ್ಠೆಯಿಂದ ಮಾಡಿಯೂ ರಕ್ಷಣೆಯನ್ನರಿಯದೆ ಇದ್ದು, ಕೊನೆಗೆ 1851ರಲ್ಲಿ ತನ್ನ ಪ್ರಸಂಗಪೀಠದಲ್ಲಿ ನಿಂತು ತಾನೇ ಮಾಡುತ್ತಿದ್ದ ಪ್ರಸಂಗದಿಂದ ಮನಸ್ಸು ತಿರುಗಿದವನು!

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಶಾಲೆಗಳಲ್ಲಿ ಹುಡುಗಿಯರಿಗೆ ಗಳಿಸಿದಷ್ಟು ಅಂಕ, ಅಂಕಕ್ಕೆ ತಕ್ಕ ಬಹುಮಾನ ದೊರೆಯುವುದು. ಪಾಠಶಾಲೆಯು ಬೇರೆ ರೀತಿಯಲ್ಲಿ ನಡೆಯಲಾರದು. ಆದರೆ ಇದೇ ಲೆಕ್ಕದ ಪುಸ್ತಕವನ್ನು ದೇವರ ಮುಂದೆಯೂ ಬಿಚ್ಚುವ ಅಭ್ಯಾಸವು ಕ್ರೈಸ್ತರ ಮನೆಗಳಲ್ಲಿಯೂ ಉಂಟು. ಆದಿತ್ಯವಾರದ ಹಾಜರಿ, ಕಾಣಿಕೆ, ಬಾಯಿಪಾಠದ ವಾಕ್ಯಗಳು, ಬಡವರಿಗೆ ಕೊಟ್ಟ ಬಟ್ಟೆ ಇವೆಲ್ಲವನ್ನು ಕೂಡಿಸಿ ದೇವರು ತಮಗೆ ಸಾಲಗಾರನೆಂದು ಭಾವಿಸುವ ತಂದೆತಾಯಿಗಳನ್ನು ನಾವು ಬಲ್ಲೆವು. ತೀರ್ಥಯಾತ್ರೆಯ ಕಾಲದಲ್ಲಿ ಹೊತ್ತಿದ್ದ ಹೊರೆಯನ್ನೇ ಬೇರೆ ಬಟ್ಟೆಯಲ್ಲಿ ಕಟ್ಟಿ ದೀಕ್ಷೆಯ ನಂತರವೂ ಹೊತ್ತಿದ್ದೇನೆಂಬುದು ರಮಾಬಾಯಿಯವರಿಗೆ ತಿಳಿದುಬಂದಿತು. ತನ್ನನ್ನು ತಿದ್ದಿಕೊಂಡು, ಯೋಗ್ಯಳಾಗಿ, ಆಮೇಲೆ ದೇವರ ಬಳಿಗೆ ಬರುವೆನೆಂಬ ಯೋಚನೆಯನ್ನು ಬಿಟ್ಟು, ಬರಿಗೈಯವಳಾಗಿ, ಪಾಪಿಗಳಿಗಾಗಿ ಸತ್ತ ಕ್ರಿಸ್ತನನ್ನು ನಂಬಿದರು. ಪೌಲನು ಎಫೆಸದವರಿಗೂ ರೋಮಾಪುರದವರಿಗೂ ಬರೆದು ಕಲಿಸಿದ ಉಪದೇಶವಿದೇ: ರಕ್ಷಣೆಯು ಕೂಲಿಯಲ್ಲ, ದಾನ, ನಂಬಿಕೆಯೆಂಬುದು ಬೆಲೆಯಲ್ಲ, ದಾನವನ್ನು ತೆಗೆದುಕೊಳ್ಳುವ ಕೈ. ಹೆಂಗಸೆಂದು ಬಾಗಿಲು ಮುಚ್ಚಲ್ಪಟ್ಟವಳಿಗೆ ಈ ಮಾತು ಎಷ್ಟು ದೊಡ್ಡದಾಗಿ ಕೇಳಿಸಿದ್ದಿರಬೇಕು! ಕೂಲಿಯಾದರೆ ಗಂಡಸಿಗಿಷ್ಟು ಹೆಂಗಸಿಗಿಷ್ಟೆಂಬ ವ್ಯತ್ಯಾಸವನ್ನು ಯಾರಾದರೂ ಮಾಡಬಹುದು. ಕೊಡುವವನು ಸುಮ್ಮನೆ ಕೊಡುವಾಗ ಹಾಗೆ ಅಳೆಯುವುದಕ್ಕೆ ಇನ್ನೊಬ್ಬರಿಗೆ ಅಧಿಕಾರವಿಲ್ಲ.

ದಾನವಾಗಿ ಸಿಕ್ಕಿದರೆ ಜನರು ಸೋಮಾರಿಗಳಾಗರೇ ಎಂದು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ. ರಮಾಬಾಯಿಯವರ ಮಟ್ಟಿಗೆ ಅದರ ಉತ್ತರವು ಕೆಡಗಾಂವಿನಲ್ಲಿದೆ. ಅದಕ್ಕೆ ಮುಂಚೆ 1893ರಲ್ಲಿ ಒಂದು ಬಿರುಗಾಳಿಯೆದ್ದಿತು. ಶಾರದಾ ಸದನದಲ್ಲಿ ಮತಬೋಧನೆಯಿರುವುದಿಲ್ಲವೆಂದು ಮಾತು ಕೊಡಲಾಗಿತ್ತು. ಅವರು ಯಾರಿಗೂ ಬೋಧಿಸಲಿಲ್ಲ. ಆದರೆ ತಮ್ಮ ಪ್ರಾರ್ಥನೆಯ ಸಮಯದಲ್ಲಿ ಕೋಣೆಯ ಬಾಗಿಲನ್ನು ಮುಚ್ಚಲೂ ಇಲ್ಲ, ಬಂದು ಕೂಡುವ ಹುಡುಗಿಯರನ್ನು ಹೊರಡಿಸಲೂ ಇಲ್ಲ. ಕೇಸರಿ ಪತ್ರಿಕೆಯು ಕಟುವಾಗಿ ಬರೆಯಿತು. ರಾನಡೆ, ಭಂಡಾರಕರ್ ಮೊದಲಾದ ಹಿತಚಿಂತಕರೇ ಸಲಹಾಮಂಡಲಿಯನ್ನು ಬಿಟ್ಟರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು. ವಿರೋಧಿಸಿದವರೆಲ್ಲರೂ ದ್ವೇಷದಿಂದಲೇ ವಿರೋಧಿಸಿದರೆಂದು ನಾವು ಬರೆಯಲಾರೆವು; ಮಕ್ಕಳನ್ನೊಪ್ಪಿಸಿದ ತಂದೆತಾಯಿಗಳಿಗೆ ಕೇಳುವ ಹಕ್ಕಿತ್ತು. ರಮಾಬಾಯಿಯವರೂ ಬಾಗಿಲನ್ನು ಮುಚ್ಚಲಾರದವರಾಗಿದ್ದರು.

1896ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮವುಂಟಾದಾಗ ತಾವು ಹಸಿದ ದಿನಗಳು ಅವರ ನೆನಪಿಗೆ ಬಂದವು. ತಾವೇ ಹೋಗಿ ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಬದುಕಿಸಿ ತಂದರು. ಪೂನಾಕ್ಕೆ ಪೂರ್ವದಲ್ಲಿರುವ ಕೆಡಗಾಂವಿನಲ್ಲಿ ಕೊಂಡಿದ್ದ ನೂರು ಎಕರೆ ಹೊಲದಲ್ಲಿ ಅವರಿಗಾಗಿ ಎದ್ದ ಮನೆಗೆ ಮುಕ್ತಿಯೆಂದೇ ಹೆಸರಾಯಿತು. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿ ಸುಮಾರು ಎರಡು ಸಾವಿರ ಮಂದಿಯಿದ್ದರು. ನೇಯ್ಗೆ, ಬೇಸಾಯ, ಎಣ್ಣೆಗಾಣ, ಅಚ್ಚುಕೂಟ ಎಲ್ಲವೂ ಹೆಂಗಸರ ಕೈಯಲ್ಲಿಯೇ ನಡೆದವು. ಬಿದ್ದವರಿಗಾಗಿ ಕೃಪಾಸದನವೆಂಬ ಬೇರೊಂದು ಮನೆಯಿತ್ತು. ಕುರುಡಿಯರಿಗೆ ಮನೋರಮೆಯು ಬ್ರೇಲ್ ಲಿಪಿಯನ್ನು ಕಲಿಸಿದಳು. ಬಂದವರಿಂದ ಪ್ರತಿಫಲವನ್ನು ಅಪೇಕ್ಷಿಸುವಂತಿರಲಿಲ್ಲ. ಅವರ ಬಳಿಯಲ್ಲಿ ಎಲುಬು ತೊಗಲುಗಳ ಹೊರತು ಏನೂ ಇರಲಿಲ್ಲ. 1912ರಲ್ಲಿ ತಾಯಿಮಗಳ ಪ್ರಯತ್ನದಿಂದ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಒಂದು ಕ್ರೈಸ್ತ ಹೈಸ್ಕೂಲು ಆರಂಭವಾಯಿತು; ಹೀಗೆ ಅವರ ಸೇವೆಯು ಕನ್ನಡ ನಾಡನ್ನು ಮತ್ತೆ ಮುಟ್ಟಿತು.

ಕಡೆಯ ವರುಷಗಳಲ್ಲಿ ಅವರು ಬರಹ ಬಲ್ಲ ಸಾಮಾನ್ಯ ಹೆಂಗಸಿಗೂ ಅರ್ಥವಾಗುವ ಮರಾಠಿಯಲ್ಲಿ ಇಡೀ ಸತ್ಯವೇದವನ್ನು ಭಾಷಾಂತರಿಸತೊಡಗಿದರು. ಇದಕ್ಕಾಗಿ ಇಬ್ರಿಯ, ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿದರು. 1919ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಚಿನ್ನದ ಪದಕವನ್ನಿತ್ತಿತು. 1921ರ ಜುಲೈಯಲ್ಲಿ ತನ್ನ ನಂತರ ಎಲ್ಲವನ್ನೂ ನಡೆಸುವಳೆಂದು ನಂಬಿದ್ದ ಏಕಮಾತ್ರ ಪುತ್ರಿ ಮನೋರಮೆಯು ತೀರಿಹೋದಳು. ಅಷ್ಟಾದರೂ ತಾಯಿಯು ಭಾಷಾಂತರದ ಕಾಗದಗಳನ್ನು ಕೆಳಗಿಡಲಿಲ್ಲ. ಕೆಲಸವು ಮುಗಿಯುತ್ತಲೇ, 1922ನೆಯ ಇಸವಿ ಏಪ್ರಿಲ್ 5ನೆಯ ತಾರೀಖಿನಲ್ಲಿ, ಕರ್ತನಲ್ಲಿ ನಿದ್ರೆಹೋದರು. ಮುಕ್ತಿಯ ಹೆಣ್ಣುಮಕ್ಕಳು ತಮ್ಮ ಕೈಯಿಂದಲೇ ಮೊಳೆ ಜೋಡಿಸಿ ಅಚ್ಚು ಹಾಕಿದ ಆ ಗ್ರಂಥವು 1924ರಲ್ಲಿ ಹೊರಬಿದ್ದಿತು.